ಪರಸವ್ವನ ಕಡಲೆ

ತಿಕೋಟಾದ ಪರಸವ್ವ ದಯೆಯಿಲ್ಲದ ಹೆಂಗಸು. ನ್ಯಾಯವಂತಳು ಎಂದು ಅವಳನ್ನು ಹೊಗಳುವವರೂ ಇದ್ದರು. ನ್ಯಾಯದ ಹೆಸರಿನಲ್ಲಿ ನಿಷ್ಠುರವಾಗಿರುವುದು ಎಷ್ಟು ಸುಲಭ ಎಂಬುದನ್ನು ಹೊಗಳುವವರು ಯೋಚಿಸಿರಲಿಲ್ಲ, ಅಷ್ಟೆ. ಹತ್ತು ವರ್ಷ ಅವಳು ಆಟದ ಮನೆಯ ಪಂಚರಲ್ಲಿ ಒಬ್ಬಳಾಗಿದ್ದಳು. ಅಷ್ಟು ಕಾಲದಲ್ಲಿ ಯಾರ ಮುಖ ನೋಡಿಯೂ ಅವಳು ಒಂದು ಮಾತು ಸಡಿಲಿಸಿದ್ದನ್ನು ಕಂಡವರಿಲ್ಲ. ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೂ ಸಡಿಲಿಸಲಿಲ್ಲ.

ಆಟದ ಮನೆ ಎದ್ದದ್ದು ಜಿಲ್ಲೆ ಮುಂಬಯಿ ಸರಕಾರದ ಕೈಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ. ವಿಕಾಸ ಯೋಜನೆಯ ಗ್ರಾಮಸೇವಕನೊಬ್ಬ ಸೈಕಲ್ ಮೇಲೆ ಬಂದು, ಊರವರು ಶ್ರಮದಾನ ಮಾಡಿದರೆ ತೊಲೆ, ಬಾಗಿಲು ಸರಕಾರದ್ದು ಎಂದ. ಜನ ಕಲ್ಲು ಹೊತ್ತರು, ಕೆಸರು ತುಳಿದರು. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಒಳಗೆ ಮೊಣಕಾಲೆತ್ತರದ ಒಂದು ಕಟ್ಟೆ. ಬಾಗಿಲ ಮೇಲೆ ‘ಗ್ರಾಮೀಣ ಕಲಾ ಮಂದಿರ’ ಎಂಬ ಹಲಗೆ ಹೊಡೆದರು. ಆ ಹೆಸರು ಹಲಗೆಯ ಮೇಲೆಯೇ ಉಳಿಯಿತು. ಊರ ಬಾಯಿಗೆ ಅದು ಆಟದ ಮನಿ. ಮೊಹರಮ್ಮಿನಲ್ಲಿ ಕರ್ಬಲಾದ ಶೋಕ ಹಾಡುವ ರಿವಾಯತ ಪದದವರು, ಡೊಳ್ಳಿನವರು, ಸಣ್ಣಾಟದವರು, ಎಲ್ಲರ ತಾಲೀಮೂ ಅಲ್ಲಿಯೇ.

ನಡೆಸಲು ಐವರು ಪಂಚರು ಬೇಕಾಯಿತು. ದೊಡ್ಡ ಹೊಲದ ಧೂಳಪ್ಪ ಅಧ್ಯಕ್ಷನಾದ. ಯಾರಿಗೂ ಇಲ್ಲ ಎನ್ನಲಾರದ ಮನುಷ್ಯ, ಅದಕ್ಕೇ ಅಧ್ಯಕ್ಷ. ಪ್ರಾಥಮಿಕ ಶಾಲೆಯ ಕರೆಪ್ಪ ಮಾಸ್ತರ ಬಂದ. ಅವನು ಮನೆಮಂದಿಯೊಂದಿಗೆ ಬೌದ್ಧ ದೀಕ್ಷೆ ತೆಗೆದುಕೊಂಡು ಇನ್ನೂ ವರ್ಷವಾಗಿರಲಿಲ್ಲ. ಎತ್ತುಗಳ ಗೊರಸಿಗೆ ಕಬ್ಬಿಣದ ನಾಲು ಕಟ್ಟುವ ಗುಡುಸಾಬ ಇರಲೇಬೇಕಿತ್ತು. ಸುತ್ತಲಿನ ಸೀಮೆಯಲ್ಲಿ ರಿವಾಯತ ಪದವೆಂದರೆ ಅವನ ದನಿ. ಅವನ ಹಿಂದೆ ಹಿಮ್ಮೇಳ ಹಿಡಿಯುತ್ತಿದ್ದ ಕುರುಬರ ಅಮೋಘಿ ನಾಲ್ಕನೆಯವನು. ಐದನೆಯದು ಹೆಣ್ಣುಮಗಳ ಹೆಸರಾಗಬೇಕು ಎಂದ ಗ್ರಾಮಸೇವಕ. ಯಾರೂ ತಮ್ಮ ಮನೆಯ ಹೆಸರು ಕೊಡಲಿಲ್ಲ. ಪರಸವ್ವನ ಗಂಡ ಹಿಂದಿನ ವರ್ಷ ತೀರಿಕೊಂಡಿದ್ದ. ಬೇಡ ಎನ್ನಲು ಗಂಡಸಿಲ್ಲದ ಮನೆ ಎಂದು ಅವಳ ಹೆಸರು ಬರೆದರು.

ಆ ಗಂಡ ಸಣ್ಣಾಟದಲ್ಲಿ ಹೆಣ್ಣಿನ ಪಾತ್ರ ಕಟ್ಟುತ್ತಿದ್ದವನು. ಪರಸವ್ವನ ಇಳಕಲ್ಲ ಸೀರೆ ಅವಳಿಗಿಂತ ಹೆಚ್ಚು ಅವನ ಮೈಮೇಲೆ ಇತ್ತು. ಬೆಳಿಗ್ಗೆ ಅವನು ಬಣ್ಣ ಒರೆಸಿಕೊಳ್ಳುತ್ತ, ‘ಹೆಂಗಿತ್ತ?’ ಎಂದು ಕೇಳುತ್ತಿದ್ದ. ‘ಎರಡನೇ ಪದದಾಗ ದನಿ ಜಾರಿತು’ ಎಂದು ಅವಳು ಹೇಳುತ್ತಿದ್ದಳು. ಅವನು ಮುನಿಸಿಕೊಂಡು ರೊಟ್ಟಿ ಬಿಟ್ಟು ಹೊಲಕ್ಕೆ ಹೋಗುತ್ತಿದ್ದ. ಸುಳ್ಳು ಹೇಳಿದ್ದರೆ ರೊಟ್ಟಿ ತಿನ್ನುತ್ತಿದ್ದ. ಅದು ಅವಳಿಗೆ ಹೊಳೆಯುತ್ತಿರಲಿಲ್ಲವೆಂದಲ್ಲ.

ಮೊದಲ ವರ್ಷ ಪಂಚರು ತಲೆಯಲ್ಲಾಡಿಸುವುದಷ್ಟನ್ನೇ ಮಾಡಿದರು. ಧೂಳಪ್ಪನ ಅಳಿಯ ರಾಜನ ಪಾತ್ರ ಬೇಡಿದ, ಕೊಟ್ಟರು. ಮೇಳ ಬಬಲೇಶ್ವರಕ್ಕೆ ಹೋಯಿತು. ರಾಜ ಬಾಯಿ ತೆರೆದ ಕೂಡಲೇ ಅಲ್ಲಿಯ ಜನ ಕೂತಲ್ಲಿಯೇ ಹೊರಳಾಡಿ ನಕ್ಕರು. ಹಿಂದಿನಿಂದ ಒಬ್ಬ ಕೂಗಿದ: ‘ತಿಕೋಟಾದವರ, ರಾಜನ್ನ ತಂದೀರೋ, ಬಾವಿ ಗಡಗಡಿ ತಂದೀರೋ? ಒಂದೀಟ ಎಣ್ಣಿ ಬಿಡ್ರೆಪಾ!’

ಮುಂದಿನ ಸಭೆಗೆ ಪರಸವ್ವ ತಾನು ಹೊಲಿದ ಒಂದು ಕೌದಿಯನ್ನು ಹೊತ್ತುಕೊಂಡು ಬಂದಳು. ಹಳೆಯ ಸೀರೆ ಧೋತರಗಳ ತುಂಡು ಕೂಡಿಸಿದ ದಪ್ಪನೆಯ ಕೌದಿ. ಕಟ್ಟೆಯ ಅಡ್ಡಕ್ಕೆ ಹಗ್ಗ ಕಟ್ಟಿಸಿ ಅದನ್ನು ತೂಗುಹಾಕಿದಳು.

‘ಇನ್ನ ಮ್ಯಾಲೆ ಕಟ್ಟಿ ಹತ್ತಬೇಕನ್ನವ ಹಿತ್ತಲ ಬಾಗಲದಿಂದ ಬಂದು ಇದರ ಹಿಂದ ಕುಂತು ಹಾಡಲಿ’ ಎಂದಳು. ‘ನಾವು ಈ ಕಡೆ ಕೂಡೂನು. ಯಾರ ಮಗಾ, ಯಾರ ಅಳ್ಯಾ, ಕಾಣಂಗಿಲ್ಲ.’

ಕರೆಪ್ಪ ಮಾಸ್ತರ ಕೌದಿಯನ್ನು ಮುಟ್ಟಿ ನೋಡಿದ. ‘ಕುಲಾನೂ ಕಾಣಂಗಿಲ್ಲ’ ಎಂದ.  

ಪದ್ಧತಿ ಹೀಗೆ ನಿಂತಿತು. ಪಂಚರ ನಡುವೆ ಒಂದು ಹಿತ್ತಾಳೆಯ ಬಟ್ಟಲು. ಬರಿದು ಬಟ್ಟಲು ಇಡಬಾರದೆಂದು ಅದರ ತಳಕ್ಕೆ ಒಂದು ಹಿಡಿ ಬಿಳಿಜೋಳ. ಮೇಲೆ ಒಂದು ವಸ್ತ್ರ. ಹಾಡು ಮುಗಿದ ಮೇಲೆ ಒಬ್ಬೊಬ್ಬ ಪಂಚನೂ ವಸ್ತ್ರದ ಕೆಳಗೆ ಕೈ ತೂರಿಸಿ ಒಂದು ಕಾಳು ಹಾಕಬೇಕು. ಒಪ್ಪಿಗೆಯಾದರೆ ಜೋಳದ ಕಾಳು. ಅದು ರಾಶಿಯಲ್ಲಿ ರಾಶಿಯಾಗಿ ಹೋಗುತ್ತದೆ. ಒಪ್ಪದಿದ್ದರೆ ಕಡಲೆ ಕಾಳು. ಅದು ಮಾತ್ರ ಕಣ್ಣಿಗೆ ಕಾಣುತ್ತದೆ. ಒಂದೇ ಒಂದು ಕಡಲೆ ಬಿದ್ದರೂ ಆ ದನಿ ಆ ವರ್ಷ ಕಟ್ಟೆ ಹತ್ತುವಂತಿಲ್ಲ. ಹಾಡು ನಡೆದಾಗ ಈಚೆ ಕೂತವರು ತುಟಿ ಬಿಚ್ಚುವಂತಿಲ್ಲ. ಹಳಬರಾದರೂ ಎರಡು ವರ್ಷ ಕಟ್ಟೆ ಬಿಟ್ಟಿದ್ದರೆ ಮತ್ತೆ ಕೌದಿಯ ಹಿಂದೆ ಕೂರಬೇಕು.

ಬಟ್ಟಲು ತೆರೆಯುವ ಕೆಲಸ ಮೊದಲು ಧೂಳಪ್ಪನದಾಗಿತ್ತು. ಎರಡನೆಯ ವರ್ಷ ಅವನು ತನ್ನ ಕಡೆಯ ಹುಡುಗನೊಬ್ಬನ ಸರದಿಯಲ್ಲಿ ವಸ್ತ್ರ ಸರಿಸಿ, ‘ಕಡ್ಲಿ ಏನೂ ಇಲ್ಲ’ ಎಂದ. ಪರಸವ್ವ ಎದ್ದು ಹೋಗಿ ಅವನ ಮುಷ್ಟಿ ಹಿಡಿದು, ಎಲ್ಲರೆದುರು ಒಂದೊಂದೇ ಬೆರಳು ಬಿಡಿಸಿದಳು. ಅಂಗೈಯಲ್ಲಿ ಕಡಲೆ ಇತ್ತು.

‘ಬಿದ್ದಷ್ಟೂ ತೋರಿಸಬೇಕು’ ಎಂದಳು. ‘ಒಂದ ಮುಚ್ಚಿದವ ನಾಳೆ ಬಟ್ಟಲಾನ ಮುಚ್ಚತಾನ.’

ಅಂದಿನಿಂದ ಬಟ್ಟಲು ಅವಳ ಕೈಗೆ ಬಂತು. ಕಡಲೆ ಯಾರದು ಎಂದು ತಿಳಿಯಬಾರದೆಂಬುದು ಪದ್ಧತಿಯಾದರೂ, ಊರಿಗೆ ಸಂಶಯವಿರಲಿಲ್ಲ. ಬಿದ್ದ ಕಡಲೆಗಳೆಲ್ಲ ಅವಳವೇ. ಸಂತೆಯಲ್ಲಿ ಎತ್ತು ಕೊಳ್ಳಲಾರದೆ ಬಂದವನನ್ನೂ, ಹೆಣ್ಣು ಕೇಳಲು ಹೋಗಿ ಇಲ್ಲವೆನಿಸಿಕೊಂಡು ಬಂದವನನ್ನೂ, ‘ಯಾಕಲೇ, ಪರಸವ್ವನ ಕಡ್ಲಿ ಬಿತ್ತೇನ?’ ಎಂದು ಕೇಳುವುದು ರೂಢಿಯಾಯಿತು.

ಮಗ ಹಣಮಂತ ಕೌದಿಯ ಹಿಂದೆ ಕೂತದ್ದು ಅದಾದ ಮೇಲಿನ ವರ್ಷ. ಸುಮಾರಾಗಿ ಹಾಡಿದ. ಅಪ್ಪನ ಗತ್ತು ಇತ್ತು, ಅಪ್ಪನ ಗಂಟಲು ಇರಲಿಲ್ಲ. ಬಟ್ಟಲಲ್ಲಿ ಒಂದು ಕಡಲೆ ಇತ್ತು. ಮನೆಗೆ ಬಂದು ಅವನು, ‘ಹಡದಾಕಿಗೆ ನನ್ನ ದನಿ ಗುರ್ತಾ ಸಿಗಲಿಲ್ಲೇನ ಬೇ?’ ಎಂದು ಕೇಳಿದ.

‘ಸಿಕ್ಕಿತು’ ಎಂದಳು ಪರಸವ್ವ.

ಆ ಬೇಸಿಗೆಯಲ್ಲಿ ಅವನು ಸೊಲ್ಲಾಪುರದ ಗಿರಣಿಗೆ ಹೋದ. ವರ್ಷಕ್ಕೊಮ್ಮೆ ಬರುತ್ತಿದ್ದ, ಆಟದ ಮನೆಯ ಓಣಿ ತಪ್ಪಿಸಿ ಹಿಂದಿನ ದಾರಿಯಿಂದ.

ಇಷ್ಟಕ್ಕೆ ಅವಳನ್ನು ಕಲ್ಲು ಎನ್ನುವವರಿಗೆ ಕೆಲವರು ಪೀರಾಂಬಿಯ ಸಂಗತಿ ಹೇಳುತ್ತಿದ್ದರು. ಒಂದು ಸಂಜೆ ಕೌದಿಯ ಹಿಂದಿನಿಂದ ಒಂದು ದನಿ ಎದ್ದಿತು. ಗಂಟಲು ಇನ್ನೂ ಒಡೆಯದ ಹುಡುಗನದು ಎಂದುಕೊಂಡರು ಎಲ್ಲರೂ. ಧೂಳಪ್ಪ ಕಣ್ಣು ಒರೆಸಿಕೊಂಡ. ಬಟ್ಟಲಲ್ಲಿ ಬರೀ ಜೋಳ. ಕೌದಿ ಸರಿಸಿ ನೋಡಿದರೆ, ಹತ್ತಿ ಹಿಂಜುವ ಹುಸೇನಸಾಬನ ಹೆಂಡತಿ ಪೀರಾಂಬಿ. ತೊಡೆಯ ಮೇಲೆ ಮಗು ಮಲಗಿತ್ತು. ಆ ಮೇಳದ ಕಟ್ಟೆಯನ್ನು ಅಲ್ಲಿಯವರೆಗೆ ಹೆಂಗಸರು ಗುಡಿಸಿದ್ದರೇ ಹೊರತು ಹತ್ತಿರಲಿಲ್ಲ. ಕಾಳು ಹಿಂದಕ್ಕೆ ತೆಗೆಯೋಣ, ತಪ್ಪಾಗಿದೆ ಎಂದ ಧೂಳಪ್ಪ. ಊರಲ್ಲಿ ಹಿಂದೂ ಮುಸಲ್ಮಾನ ಎರಡೂ ಕಡೆಯ ಹಿರಿಯರು ಅಪರೂಪಕ್ಕೆ ಒಂದೇ ಮಾತು ಆಡಿದರು.

‘ಕಡ್ಲಿ ಬಿದ್ದಿಲ್ಲ’ ಎಂದಳು ಪರಸವ್ವ. ‘ನಾವು ತೊಗೊಂಡಿದ್ದು ದನಿ. ದನಿಗೆ ಸೀರಿ ಉಡಸಿ ನೋಡತೀರೇನ?’

ಪೀರಾಂಬಿಯ ಮೇಲಿನ ಮಮತೆಯಿಂದ ಆಡಿದ ಮಾತಲ್ಲ ಅದು. ಪೀರಾಂಬಿಯೂ ಹಾಗೆ ತಿಳಿಯಲಿಲ್ಲ. ‘ಪರಸವ್ವಕ್ಕ ನನ್ನ ಮ್ಯಾಲೆ ಅಂತಃಕರಣ ಎಲ್ಲಿಂದ ಬರಬೇಕ್ರಿ’ ಎಂದು ಅವಳು ನೀರಿನ ಕಟ್ಟೆಯಲ್ಲಿ ಹೇಳುತ್ತಿದ್ದಳು. ‘ಅಕೀಗೆ ಬೇಕಾದದ್ದು ಆ ಕೌದಿ ಮಾನ. ಇರಲಿ, ಅದರ ನೆಳ್ಳಾಗ ನಾನೂ ಹಾಡತೇನಿ.’ ಕೊನೆಗೆ ಅವಳು ಕಟ್ಟೆಯ ಪಕ್ಕದ ಕಂಬದ ಮರೆಯಲ್ಲಿ ಕೂತು ಹಾಡುವುದೆಂದು ತೀರ್ಮಾನವಾಯಿತು. ಹಾಗೆಯೇ ಹಾಡುತ್ತಿದ್ದಳು, ವರ್ಷಾನುಗಟ್ಟಲೆ.

ಪಂಚರ ಕೆಲಸದಲ್ಲಿ ಹಾಡು ಕೇಳುವುದು ವರ್ಷಕ್ಕೆ ಎರಡೇ ದಿನ. ಉಳಿದದ್ದೆಲ್ಲ ಬೇರೆ. ಮಳೆಗಾಲಕ್ಕೆ ಮೊದಲು ಮಾಳಿಗೆ ಸೋರದಂತೆ ಸವಳು ಮಣ್ಣು ಹಾಕಿಸಬೇಕು. ಬರುತ್ತೇವೆಂದ ಇಪ್ಪತ್ತು ಜನರಲ್ಲಿ ನಾಲ್ವರು ಬರುತ್ತಾರೆ. ಗ್ಯಾಸಬತ್ತಿಯನ್ನು ಯಾರದೋ ಮದುವೆಗೆ ಒಯ್ದವರು ಗಾಜು ಒಡೆದು ತಂದಿಟ್ಟು, ಮೊದಲೇ ಒಡೆದಿತ್ತು ಎನ್ನುತ್ತಾರೆ. ಯಾರೋ ರಾತ್ರೋರಾತ್ರಿ ಕುಸುಬಿಯ ಚೀಲ ಒಟ್ಟಿ ಹೋಗುತ್ತಾರೆ. ಆಡುಗಳು ಕಟ್ಟೆಯ ಮೇಲೆ ಮಲಗುತ್ತವೆ. ಡೊಳ್ಳಿನ ಚರ್ಮ ಇಲಿಯ ಪಾಲಾಗುತ್ತದೆ. ಸಭೆ ಎಂದು ಡಂಗುರ ಸಾರಿದರೆ ಬರುವವರು ಪಂಚರು ಐವರೇ, ಅವರಲ್ಲಿ ಧೂಳಪ್ಪ ನಿದ್ದೆ ಹೋಗುತ್ತಾನೆ. ಪ್ರತಿ ಯುಗಾದಿಗೆ ಪರಸವ್ವ ಬೀಗದ ಕೈಯನ್ನು ನೆಲಕ್ಕಿಟ್ಟು, ‘ನನಗ ಸಾಕಾತು, ಯಾರರೆ ತೊಗೋರಿ’ ಎನ್ನುತ್ತಿದ್ದಳು. ಎಲ್ಲರೂ ಬೀಗದ ಕೈಯನ್ನು ನೋಡುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಅವಳೇ ಎತ್ತಿಕೊಂಡು ಸೆರಗಿಗೆ ಕಟ್ಟಿಕೊಳ್ಳುತ್ತಿದ್ದಳು. ಜನ ಇದನ್ನು ಅಧಿಕಾರದ ಆಸೆ ಎಂದರು. ಆಸೆ ಎನ್ನುವುದಕ್ಕೆ ಇಷ್ಟು ಆಯಾಸ ಇರುವುದಿಲ್ಲ. ಐವತ್ತೈದು ದಾಟಿದ ಮೈ; ದವಡೆಯ ಹಲ್ಲು ಒಂದು ಕಡೆ ಉದುರಿದ್ದವು; ಕಸಬರಿಗೆ ಹಿಡಿದು ಬಗ್ಗಿದರೆ ಏಳುವಾಗ ಗೋಡೆ ಬೇಕಾಗುತ್ತಿತ್ತು.

ಗುಡುಸಾಬ ಮಾತ್ರ ಅವಳೊಡನೆ ನಗುತ್ತಿದ್ದ. ಅವಳ ಗಂಡ ಬದುಕಿದ್ದಾಗ ಅವನೂ ಗುಡುಸಾಬನೂ ಕೂಡಿ ಹಾಡಿದವರು. ಒಮ್ಮೆ ಯಾರೂ ಕರೆಯದಿದ್ದರೂ ಅವರು ವಿಜಾಪುರಕ್ಕೆ ಹೋಗಿ ಅಲ್ಲಿಯ ಮೊಹರಮ್ಮಿನ ಕೂಟದಲ್ಲಿ ಹಾಡಲು ನಿಂತರು. ಹಳ್ಳಿಯ ಮೇಳಕ್ಕೆ ಸರದಿ ಇಲ್ಲವೆಂದು ಅವರನ್ನು ಬೆಳಗಿನವರೆಗೆ ಚಪ್ಪಲಿ ಬಿಡುವ ಜಾಗದಲ್ಲಿ ಕೂರಿಸಿ ಕಳಿಸಿದ್ದರು. ಗಂಡ ಅದನ್ನು ಮರೆತ. ಗುಡುಸಾಬ ಮರೆಯಲಿಲ್ಲ. ಗಂಡ ಹೋದ ಮೇಲೆ ಪರಸವ್ವನ ಎತ್ತುಗಳಿಗೆ ನಾಲು ಸವೆದದ್ದನ್ನು ಅವಳಿಗಿಂತ ಮೊದಲು ಅವನು ನೋಡುತ್ತಿದ್ದ. ಹೇಳದೆ ಬಂದು ಕಟ್ಟಿ ಹೋಗುತ್ತಿದ್ದ.  ಅವಳು ಒಂದು ತಂಬಿಗೆ ಮಜ್ಜಿಗೆಯನ್ನು ಮನೆ ಮುಂದಿನ ಕಟ್ಟೆಯ ಮೇಲೆ ಇಟ್ಟು ಒಳಗೆ ಹೋಗುತ್ತಿದ್ದಳು.

ಅರವತ್ತೈದನೆಯ ಇಸವಿಯಲ್ಲಿ ಗುಡುಸಾಬನಿಗೆ ಎದೆಯ ಬೇನೆ ಬಂತು. ವಿಜಾಪುರದ ಡಾಕ್ಟರು ಹಾಡಬೇಡ, ಹೊಗೆ ಕುಡಿಯಬೇಡ, ಮಾತೂ ಕಡಿಮೆ ಎಂದರು. ಎರಡು ಮೊಹರಂ ಅವನು ಗೋಡೆಗೆ ಒರಗಿ ಕೂತು ಕಳೆದ. ಅಮೋಘಿ ಮುಂದೆ ನಿಂತು ಪದ ಎತ್ತಿದ. ಎತ್ತುವ ಮುಂಚೆ ಪ್ರತಿ ಸಲವೂ ಹಿಂದಕ್ಕೆ ತಿರುಗಿ ಗುಡುಸಾಬನ ಮುಖ ನೋಡುತ್ತಿದ್ದ.

ಅರವತ್ತೇಳರ ದೀಪಾವಳಿ ಮುಗಿದ ಮೇಲೆ ವಿಜಾಪುರದಿಂದ ಕರೆ ಬಂತು. ಜಿಲ್ಲೆಯ ಮೇಳಗಳೆಲ್ಲ ಸೇರುವ ದೊಡ್ಡ ಕೂಟ, ತಿಕೋಟಾದವರಿಗೆ ಸಂಜೆಯ ಮೊದಲ ಸರದಿ. ಗುಡುಸಾಬ ಅಂದು ಸಭೆಗೆ ತಲೆಗೆ ಹೊಸ ರುಮಾಲು ಸುತ್ತಿಕೊಂಡು ಬಂದ. ಈ ಸಲ ತಾನೇ ಹಾಡುತ್ತೇನೆ ಎಂದ.

‘ಹಾಡ್ರಿ, ಹಾಡ್ರಿ’ ಎಂದ ಧೂಳಪ್ಪ, ಎಚ್ಚರವಿದ್ದದ್ದಕ್ಕೆ ಸಾಕ್ಷಿಯೆಂಬಂತೆ.

ಪರಸವ್ವ ಕೌದಿಯನ್ನು ತೆಗೆದು ಧೂಳು ಕೊಡವುತ್ತಿದ್ದಳು. ‘ಎರಡ ವರ್ಷ ಆತು ಕಟ್ಟಿ ಹತ್ತಿಲ್ಲ’ ಎಂದಳು.

ಕರೆಪ್ಪ ಮಾಸ್ತರ ಅವಳ ಕಡೆ ತಿರುಗಿದ. ‘ಗುಡುಸಾಬರಿಗೂ ಕೌದಿ ಯಾಕ್ರಿ ಪರಸವ್ವಾ? ಇಷ್ಟ ವರ್ಷ ಹಾಡ್ಯಾರ. ಒಂದ ದಿನದ ಮಾತು. ನನ್ನ ಕಾಳಂತೂ ಜೋಳಾ ಅಂತ ಈಗ ಹೇಳಿಬಿಡತೇನಿ.’

‘ಕಾಳ ಬಾಯಲೆ ಹೇಳೂದಲ್ಲ ಮಾಸ್ತರ.’

‘ಅವ ಪಂಚ ಅದಾನ ಬೇ’ ಎಂದ ಧೂಳಪ್ಪ.

‘ಪಂಚಗ ದೇವರು ಬ್ಯಾರೆ ಗಂಟಲ ಕೊಟ್ಟಾನೇನ?’

ಗುಡುಸಾಬ ನಕ್ಕ. ನಗು ಕೆಮ್ಮಾಗಿ ಬಹಳ ಹೊತ್ತು ನಿಲ್ಲಲಿಲ್ಲ. ಅಮೋಘಿ ಎದ್ದು ನೀರು ತಂದುಕೊಟ್ಟ. ಕುಡಿದು ಗುಡುಸಾಬ, ‘ಅಕಿ ಹೇಳೂದು ಖರೆ ಐತಿ’ ಎಂದ. ‘ಕೂಡತೇನಿ ನಾ. ಆದ್ರ ಪರಸವ್ವಾ, ಒಂದ ಮಾತ. ಕರುಣಾ ತೋರಸಬ್ಯಾಡ.’

‘ನನ್ನ ಹತ್ರ ಅದು ಎಲ್ಲೈತಿ?’

‘ಇಲ್ಲಂತ ಗೊತ್ತೈತಿ ನನಗ. ಅದಕ್ಕ ಧೈರ್ಯಾಲೆ ಕೂಡತೇನಿ. ನೀ ಬಿಟ್ಟಿ ಅಂದ್ರ ವಿಜಾಪುರದವರ ಎದುರ ಎದಿ ಎತ್ತಿ ನಿಂದರತೇನಿ.’ ಪಕ್ಕದಲ್ಲಿದ್ದವನ ಮಂಡಿಗೆ ತಟ್ಟಿದ. ‘ನೀ ಏನಂತಿ ಅಮೋಘ್ಯಾ?’

ಅಮೋಘಿ ಡೊಳ್ಳಿನ ಹಗ್ಗ ಬಿಗಿ ಮಾಡುತ್ತ ಕೂತಿದ್ದ. ಬಿಗಿಯಾಗಿದ್ದ ಹಗ್ಗವನ್ನೇ ಮತ್ತೆ ಬಿಗಿ ಮಾಡಿದ. ‘ನೀವು ಹೆಂಗಂತೀರಿ ಹಂಗ್ರಿ’ ಎಂದ.

ಆ ರಾತ್ರಿ ಪರಸವ್ವನಿಗೆ ಊಟ ಸೇರಲಿಲ್ಲ ಎಂದೇನೂ ಇಲ್ಲ. ಎಂದಿನಂತೆ ರೊಟ್ಟಿ ತಿಂದಳು. ಮಲಗುವ ಮುನ್ನ ಎತ್ತುಗಳಿಗೆ ಮೇವು ಹಾಕಲು ಹೋದವಳು ಬಗ್ಗಿ ಅವುಗಳ ಕಾಲು ನೋಡಿದಳು. ನಾಲು ಹೊಸದಾಗಿದ್ದವು. ಕೆಮ್ಮುತ್ತಲೇ ಯಾವಾಗ ಬಂದು ಕಟ್ಟಿದ್ದನೋ.

ಸಂತೆಯ ಮರುದಿನ ಇಳಿಹೊತ್ತಿನಲ್ಲಿ ಕೌದಿ ತೂಗಿತು. ಮೊದಲು ಮೂವರು ಹೊಸಬರು ಹಾಡಿದರು. ಹೊನವಾಡದಿಂದ ನಡೆದು ಬಂದಿದ್ದ ಒಬ್ಬನಿಗೆ ಕಡಲೆ ಬಿತ್ತು, ಇಬ್ಬರು ದಾಟಿದರು. ಆಮೇಲೆ ಹಿತ್ತಲ ಬಾಗಿಲು ಕಿರುಗುಟ್ಟಿತು. ಕೋಲು ನೆಲಕ್ಕೆ ತಾಗಿದ ಸದ್ದು, ಅದುಮಿದ ಕೆಮ್ಮು. ಕೌದಿ ಅಂದು ಏನನ್ನೂ ಮರೆಮಾಡಲಿಲ್ಲ. ಧೂಳಪ್ಪ ನೆಟ್ಟಗೆ ಕೂತ.

ಗುಡುಸಾಬ ಕೆಳಗಿನಿಂದ ಎತ್ತಿಕೊಂಡ. ಮೊದಲ ನುಡಿ ಚೆನ್ನಾಗಿಯೇ ಬಂತು. ಕರೆಪ್ಪ ಮಾಸ್ತರನ ಮುಖ ಅರಳಿತು. ಎರಡನೆಯ ನುಡಿಯಲ್ಲಿ ಪದ ಮೇಲಕ್ಕೆ ಏರಬೇಕು. ಹೆತ್ತವರು ಮಕ್ಕಳ ಹೆಸರು ಹಿಡಿದು ಕೂಗುವ ಜಾಗ ಅದು. ಅಲ್ಲಿ ಅವನ ದನಿ ಏರಿದರೆ ಮೊಹರಮ್ಮಿನಲ್ಲಿ ಎದೆ ಬಡಿದುಕೊಳ್ಳದ ಜನರಿರಲಿಲ್ಲ. ದನಿ ಏರಿತು, ಹಳೆಯ ಹಗ್ಗದಂತೆ ಎಳೆ ಎಳೆಯಾಗಿ ಬಿಚ್ಚಿತು, ಕಡಿಯಿತು. ಬರೀ ಉಸಿರು ಕೇಳಿಸಿತು. ಹಿಮ್ಮೇಳ ಇದ್ದಿದ್ದರೆ ಆ ಉಸಿರನ್ನು ಮುಚ್ಚುತ್ತಿತ್ತು. ಅಮೋಘಿಯ ತುಟಿ ಅಲುಗಿದವು, ಸದ್ದು ಬರಲಿಲ್ಲ. ಬೆರಳು ಮಾತ್ರ ತೊಡೆಯ ಮೇಲೆ ತಾಳ ಹಾಕುತ್ತಿತ್ತು.

ಕೌದಿಯ ಹಿಂದೆ ಗುಡುಸಾಬ ಮತ್ತೆ ಎತ್ತಿದ, ಮತ್ತೆ ಕಡಿಯಿತು. ಮೂರನೆಯ ಸಲ ಅವನು ಪದವನ್ನೇ ಕೆಳಗಿಳಿಸಿ, ಏರುವ ಜಾಗವನ್ನು ಸಮದಾರಿ ಮಾಡಿಕೊಂಡು ಕೊನೆಯವರೆಗೆ ಹಾಡಿದ. ಒಂದು ನುಡಿಯನ್ನೂ ಬಿಡಲಿಲ್ಲ. ಕೇಳುವವರಿಗೆ ಸಾಕು ಸಾಕಾಗುವಷ್ಟು ಹೊತ್ತು ಅದು ನಡೆಯಿತು. ಪರಸವ್ವನಿಗೆ ಎಲ್ಲವೂ ಕೇಳಿಸಿತು. ಅವನು ಉಳಿಸಿಕೊಂಡದ್ದು ತನ್ನನ್ನು, ಪದವನ್ನಲ್ಲ. ತನ್ನ ಗಂಡನಿಗೆ ಬೆಳಗಿನ ಹೊತ್ತು ಏನು ಹೇಳುತ್ತಿದ್ದಳೋ ಅದಕ್ಕಿಂತ ಬೇರೆ ಹೇಳುವುದೇನೂ ಇರಲಿಲ್ಲ.

ಬಟ್ಟಲು ಸುತ್ತಿತು. ಧೂಳಪ್ಪ ಕೈ ಹಾಕಿ ತೆಗೆದ. ಕರೆಪ್ಪ ಮಾಸ್ತರ ಹಾಕಿ ತೆಗೆದ. ಅಮೋಘಿಯ ಕೈ ವಸ್ತ್ರದ ಕೆಳಗೆ ಹೋಗಿ ಅಲ್ಲಿಯೇ ಇತ್ತು. ನೀರಿನಲ್ಲಿ ಏನೋ ಕಳೆದುಕೊಂಡು ಹುಡುಕುವವನ ಹಾಗೆ. ತೆಗೆದು ಪಕ್ಕೆಗೆ ಒರೆಸಿಕೊಂಡ. ಕೊನೆಗೆ ಪರಸವ್ವ. ಅವಳು ಯೋಚಿಸದೆ ಹಾಕಿದಳು ಎಂದರೆ ಸುಳ್ಳಾಗುತ್ತದೆ. ಯೋಚಿಸಿಯೇ ಕಡಲೆ ಹಾಕಿದಳು.

ಎಂದಿನಂತೆ ಬಟ್ಟಲನ್ನು ತನ್ನ ಕಡೆ ಎಳೆದುಕೊಂಡು ವಸ್ತ್ರದ ಅಂಚು ಎತ್ತಿದಳು. ಜೋಳದ ಮೇಲೆ ತನ್ನ ಕಡಲೆ ಬಿದ್ದಿತ್ತು. ಅದರ ಆಚೆ, ಬಟ್ಟಲಿನ ಗೋಡೆಗೆ ಹತ್ತಿ ಇನ್ನೊಂದು. ಅದು ಮೇಲೆ ಬಿದ್ದಿರಲಿಲ್ಲ. ಯಾರೋ ಬೆರಳಿನಿಂದ ಒತ್ತಿ ಜೋಳದಲ್ಲಿ ಹುಗಿದಿದ್ದರು. ಅರ್ಧ ಬೆನ್ನು ಮಾತ್ರ ಕಾಣುತ್ತಿತ್ತು.

ಧೂಳಪ್ಪ ಹುಟ್ಟಿದಾಗಿನಿಂದ ಯಾರಿಗೂ ಕಡಲೆ ಹಾಕಿದವನಲ್ಲ. ಮಾಸ್ತರ ತನ್ನ ಕಾಳನ್ನು ಮೊದಲೇ ಬಾಯಲ್ಲಿ ಹೇಳಿದ್ದ. ಹೇಳಿದ ಮೇಲೆ ತಪ್ಪುವವನಲ್ಲ. ಪರಸವ್ವ ತಲೆ ಎತ್ತಿದಳು. ಅಮೋಘಿ ಅವಳನ್ನು ನೋಡುತ್ತಿರಲಿಲ್ಲ. ಕೌದಿಯನ್ನು ನೋಡುತ್ತಿದ್ದ.

ಎರಡು ಕಡಲೆ ತೋರಿಸಿದರೆ ಈ ಲೆಕ್ಕ ಹಾಕಲು ಊರಿಗೆ ಬೀಡಿ ಹಚ್ಚುವಷ್ಟೂ ಹೊತ್ತು ಬೇಡ. ಗುರು ಬಿದ್ದರೆ ವಿಜಾಪುರದಲ್ಲಿ ಮುಂದೆ ನಿಲ್ಲುವವನು ಅಮೋಘಿ. ಉಂಡ ತಾಟಿಗೆ ಕಲ್ಲು ಹಾಕಿದ ಎನ್ನುತ್ತಾರೆ. ನಿಜವೂ ಇರಬಹುದು. ಅವಳಿಗೆ ಕೇಳಿಸಿದ್ದೇ ಅವನಿಗೂ ಕೇಳಿಸಿದ್ದಿರಬಹುದು. ಇಪ್ಪತ್ತು ವರ್ಷ ಆ ಗಂಟಲಿನ ಬೆನ್ನಿಗೆ ನಿಂತವನು. ಆಸೆಯೋ ಕಿವಿಯೋ, ಕಡಲೆಯ ಮೇಲೆ ಗುರುತಿರುವುದಿಲ್ಲ.

‘ಏನಾತ ಬೇ?’ ಎಂದ ಧೂಳಪ್ಪ.

ಪರಸವ್ವ ಬಟ್ಟಲಿಗೆ ಕೈ ಹಾಕಿದಳು. ಕೈ ಹೊರಗೆ ಬಂದಾಗ ಹೆಬ್ಬೆರಳು ತೋರುಬೆರಳ ನಡುವೆ ಒಂದು ಕಡಲೆ ಇತ್ತು. ಉಳಿದ ಮೂರು ಬೆರಳು ಮಡಚಿದ್ದವು.

ಮಾಸ್ತರ ಮುಖ ತಿರುಗಿಸಿಕೊಂಡ. ಕೌದಿಯ ಅಂಚು ಸರಿಸಿ ಗುಡುಸಾಬ ಈಚೆ ಬಂದ. ರುಮಾಲು ಸಡಿಲಾಗಿ ಕಿವಿಯ ಮೇಲೆ ಇಳಿದಿತ್ತು. ಕಡಲೆಯನ್ನು ನೋಡಿದ; ಸುತ್ತ ಕೂತವರನ್ನು ಒಬ್ಬೊಬ್ಬರನ್ನಾಗಿ ನೋಡಿದ.

‘ಎಷ್ಟ ಬಿದ್ದಾವ?’ ಎಂದು ಕೇಳಿದ.

‘ಒಂದ.’

‘ನಿಂದ?’

‘ನಂದ.’

ಗುಡುಸಾಬ ಕೋಲಿನ ಮೇಲೆ ಭಾರ ಬಿಟ್ಟು ನಿಂತ. ಬೇಸರವಾಗಿತ್ತು, ಮುಖದಲ್ಲಿ ಅದು ಕಾಣುತ್ತಿತ್ತು. ‘ಹಂಗಾರ ಇಂವ ಹೂಂ ಅಂದಾನ’ ಎಂದು ಅಮೋಘಿಯ ಹೆಗಲಿಗೆ ಕೈ ಹಾಕಿದ. ‘ಮಬ್ಬ ಅದಿಲೇ ನೀನು. ಅಂಥಾ ಹಾಡಿಗೆ ಯಾರರೆ ಜೋಳಾ ಹಾಕತಾರೇನ? ಏಳು. ವಿಜಾಪುರದಾಗ ನೀ ಎತ್ತಬೇಕು ಪದಾ. ಎರಡನೇ ನುಡ್ಯಾಗ ಉಸಿರ ಎಲ್ಲಿ ಕದೀಬೇಕಂತ ದಾರ್ಯಾಗ ಹೇಳತೇನಿ.’

ಅಮೋಘಿ ಎದ್ದ. ಎದ್ದವನು ಒಮ್ಮೆ ಬಟ್ಟಲನ್ನು, ಆಮೇಲೆ ಪರಸವ್ವನನ್ನು ನೋಡಿದ. ಬಾಯಿ ತೆರೆದ.

‘ಕತ್ತಲಾಗತೈತಿ’ ಎಂದಳು ಪರಸವ್ವ. ‘ಅವರ ಕೈ ಹಿಡಕೊಂಡ ನಡಿ. ಹೊರಗ ಕಲ್ಲ ಅದಾವ.’

ಇಬ್ಬರೂ ಹೋದರು. ಕೋಲಿನ ಸದ್ದು ಓಣಿಯ ತಿರುವಿನವರೆಗೆ ಕೇಳಿಸಿತು. ಮಾಸ್ತರ ಯಾರಿಗೂ ಹೇಳದೆ ಚಪ್ಪಲಿ ಮೆಟ್ಟಿಕೊಂಡು ಹೋದ. ಧೂಳಪ್ಪ ಬಾಗಿಲಲ್ಲಿ ನಿಂತು, ‘ಮನಷ್ಯಾಳ ಅಲ್ಲ ಬೇ ನೀ, ಕಲ್ಲ ಅದಿ’ ಎಂದ.

‘ಹೌದು. ಆ ತುದಿ ಹಿಡೀರಿ, ಕೌದಿ ಮಡಚೂನು.’

ಅವನು ಹಿಡಿಯಲಿಲ್ಲ, ಹೋದ. ಪರಸವ್ವ ಎಡಗೈಯಿಂದ ಹಗ್ಗದ ಗಂಟು ಬಿಚ್ಚಿ, ಕೌದಿಯನ್ನು ಎಳೆದು, ಎದೆಗೆ ಆನಿಸಿಕೊಂಡು ಹೇಗೋ ಮಡಚಿದಳು. ಬಟ್ಟಲಿನ ಜೋಳವನ್ನು ಮೊರಕ್ಕೆ ಸುರಿದಳು. ದೀಪ ಆರಿಸಿದಳು. ಬಾಗಿಲ ಹೊರಗೆ ಬಂದು, ಓಣಿಯಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡ ಮೇಲೆ ಬಲಗೈಯ ಮೂರು ಬೆರಳು ಬಿಚ್ಚಿದಳು. ಕಡಲೆ ಬೆವರಿಗೆ ಒದ್ದೆಯಾಗಿ ಅಂಗೈಗೆ ಅಂಟಿತ್ತು. ಬಾಯಿಗೆ ಹಾಕಿಕೊಂಡಳು. ಹಸಿ ಕಡಲೆ, ಗಟ್ಟಿ. ಹಲ್ಲಿಲ್ಲದ ಕಡೆಯಿಂದ ಹಲ್ಲಿದ್ದ ಕಡೆಗೆ ಹೊರಳಿಸಿಕೊಂಡು, ಅಗಿಯುತ್ತ, ಸೆರಗಿನ ಗಂಟಿನಲ್ಲಿ ಬೀಗದ ಕೈ ಹುಡುಕಿದಳು.